ಒಪ್ಪಂದದ ಕಾಗದ ಕಡಲತಡಿಯವರಿಗೂ ಕಾಣಲಿ

ನಾನು ಹುಟ್ಟಿ ಬೆಳೆದದ್ದು ಅಂಕೋಲಾದಲ್ಲಿ. ಈಗ ಇರುವುದು ಆಸ್ಟ್ರೇಲಿಯಾದ ಪರ್ತ್ ಹತ್ತಿರದ ರಾಕಿಂಗ್‌ಹ್ಯಾಮ್‌ನಲ್ಲಿ. ಎರಡೂ ಕಡಲತಡಿಯ ಊರುಗಳು, ಎರಡಕ್ಕೂ ಹತ್ತಿರದಲ್ಲೇ ನೌಕಾನೆಲೆ. ಅಲ್ಲಿ ಕಾರವಾರದ ಐಎನ್‌ಎಸ್ ಕದಂಬ, ನಮ್ಮ ಬಾಯಲ್ಲಿ ಸೀಬರ್ಡ್. ಇಲ್ಲಿ ಗಾರ್ಡನ್ ಐಲ್ಯಾಂಡಿನ ಎಚ್‌ಎಂಎಎಸ್ ಸ್ಟರ್ಲಿಂಗ್. ಸಂಜೆ ಪಾಯಿಂಟ್ ಪೆರನ್ ಕಡೆ ನಡೆದು ಹೋದರೆ ದ್ವೀಪಕ್ಕೆ ಹೋಗುವ ಉದ್ದನೆಯ ಸೇತುವೆ ಕಾಣುತ್ತದೆ. ಅದರಾಚೆ ಸೂರ್ಯ ಮುಳುಗುತ್ತಾನೆ, ನಮ್ಮೂರಿನ ಹಾಗೆಯೇ ನೀರಿನಲ್ಲಿ.

ಈ ಎರಡು ದೇಶಗಳು ಈಗ ಸಮುದ್ರ ಕಾಯುವುದರಲ್ಲಿ ಜೊತೆಗಾರರು. 2020ರ ಜೂನ್‌ನಲ್ಲಿ ಒಬ್ಬರ ನೆಲೆಯಲ್ಲಿ ಇನ್ನೊಬ್ಬರ ಹಡಗು ಇಂಧನ, ಸಾಮಾನು ತುಂಬಿಕೊಳ್ಳಲು ಒಪ್ಪಂದವಾಯಿತು. ಅದೇ ವರ್ಷ ಆಸ್ಟ್ರೇಲಿಯಾ, ಭಾರತ, ಅಮೆರಿಕ, ಜಪಾನ್ ನೌಕಾಪಡೆಗಳು ಸೇರಿ ಮಾಡುವ ಮಲಬಾರ್ ಸಮರಾಭ್ಯಾಸಕ್ಕೆ ಮರಳಿತು. 2023ರಲ್ಲಿ ಅದು ಮೊದಲ ಸಲ ಸಿಡ್ನಿಯಲ್ಲೇ ನಡೆಯಿತು. ಅಮೆರಿಕ, ಜಪಾನ್ ಕೂಡ ಸೇರಿದ ನಾಲ್ಕು ದೇಶಗಳ ಕೂಟ ಕ್ವಾಡ್ ಬಗ್ಗೆ ಹೇಳಬೇಕಾಗಿಲ್ಲ. 2004ರ ಸುನಾಮಿ ಹೊತ್ತಿಗೆ ಈ ನಾಲ್ಕೂ ದೇಶದ ನೌಕಾಪಡೆಗಳು ಪರಿಹಾರಕ್ಕೆ ಕೈಜೋಡಿಸಿದ್ದೇ ಅದರ ಬೇರು.

ಇಂಥ ಜೊತೆಗಾರಿಕೆ ಬೇಕಾ ಅಂತ ಕೇಳುವವರಿಗೆ ಒಂದು ಹಡಗಿನ ಕತೆ ಹೇಳುತ್ತೇನೆ. 2023ರ ಡಿಸೆಂಬರ್ 23ರಂದು ಎಂವಿ ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಮೇಲೆ ಗುಜರಾತ್ ಕರಾವಳಿಯಾಚೆ ಡ್ರೋನ್ ಬಿತ್ತು. ಅದು ಸೌದಿಯಿಂದ ಹೊರಟಿದ್ದು ಮಂಗಳೂರಿಗೆ. ಒಳಗಿದ್ದ ಸಿಬ್ಬಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಭಾರತೀಯರು. ಮಂಗಳೂರಿನಲ್ಲಿರುವ ನನ್ನ ಭಾವ ಅವತ್ತು ಫೋನ್ ಮಾಡಿ, "ನಮ್ಮಲ್ಲಿಗೇ ಬರೋ ಹಡಗು ಮಾರಾಯ" ಅಂದರು. ಆ ದನಿಯಲ್ಲಿದ್ದ ಭಯ ನನಗಿನ್ನೂ ಕೇಳಿಸುತ್ತದೆ. ಇಷ್ಟು ದೊಡ್ಡ ಸಮುದ್ರವನ್ನು ಯಾವ ದೇಶವೂ ಒಂದೇ ಕಾಯಲಾರದು. ಎಲ್ಲಿ ಯಾವ ಹಡಗು ಹೋಗುತ್ತಿದೆ ಅಂತ ಒಬ್ಬರಿಗೊಬ್ಬರು ತಿಳಿಸುತ್ತಿರಬೇಕು. ಗುರುಗ್ರಾಮದಲ್ಲಿ ನೌಕಾಪಡೆ 2018ರಲ್ಲಿ ಶುರುಮಾಡಿದ ಮಾಹಿತಿ ಕೇಂದ್ರದಲ್ಲಿ ಬೇರೆ ಬೇರೆ ದೇಶಗಳ ಅಧಿಕಾರಿಗಳು ಕೂತು ಮಾಡುವ ಕೆಲಸ ಅದೇ.

ಆದರೆ ಪ್ರಜಾಪ್ರಭುತ್ವ ದೇಶಗಳ ಜೊತೆಗಾರಿಕೆ ಅಂದಮೇಲೆ ಪ್ರಜೆಗಳಿಗೆ ಅದರಲ್ಲಿ ಜಾಗ ಬೇಕು ಅಲ್ವಾ? ಎರಡು ದೇಶಗಳ ನಡುವೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇಲ್ಲೇ.

2024ರಲ್ಲಿ ಸ್ಟರ್ಲಿಂಗ್ ನೆಲೆಯಲ್ಲಿ ಅಣುಶಕ್ತಿ ಸಬ್‌ಮರೀನ್‌ಗಳಿಂದ ಬರುವ, ಕಡಿಮೆ ಮಟ್ಟದ ವಿಕಿರಣವಿರುವ ಕಸ ಇಡಲು ಕಟ್ಟಡ ಬೇಕು ಅಂತ ಅರ್ಜಿ ಹೋಯಿತು. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಮಾಡಿಕೊಂಡ ಆಕಸ್ ಎಂಬ ರಕ್ಷಣಾ ಒಪ್ಪಂದದ ಪ್ರಕಾರ 2027ರಿಂದ ಅಮೆರಿಕದ ನಾಲ್ಕು, ಬ್ರಿಟನ್ನಿನ ಒಂದು ಸಬ್‌ಮರೀನ್‌ವರೆಗೂ ಇಲ್ಲಿ ಸರದಿಯಂತೆ ಬಂದು ಇರುತ್ತವೆ. ಜಾಗಕ್ಕೆ ಲೈಸೆನ್ಸ್ ಕೊಡುವ ಮೊದಲು ಜನರ ಅಭಿಪ್ರಾಯ ಕೇಳಿದರು. ನಮ್ಮ ಪಕ್ಕದ ಮನೆಯ ಹಿರಿಯರು ವಾರವಿಡೀ ಅಡುಗೆಮನೆ ಟೇಬಲ್ಲಿನಲ್ಲಿ ಕೂತು ಪತ್ರ ಬರೆದರು. ಕನ್ನಡಕ ಹಣೆಗೇರಿಸಿ, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಕೊಂಡು. ಸಬ್‌ಮರೀನ್ ಬರುವುದಕ್ಕೆ ಅವರ ವಿರೋಧ ಇಲ್ಲ. ಕಸ ಎಷ್ಟು ವರ್ಷ ಇರುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದಷ್ಟೇ ಅವರ ಪ್ರಶ್ನೆ. "ನೀನೂ ಬರಿ, ನೀನೂ ಇಲ್ಲಿಯವನೇ" ಅಂದರು. ಬರೆದೆ. ಲೈಸೆನ್ಸ್ ಸಿಕ್ಕಿತು, ಆ ಮಾತು ಬೇರೆ. ಆದರೆ ಕೇಳುವ ಪದ್ಧತಿ ಇದೆ.

ಇಲ್ಲಿ ಎಲ್ಲವೂ ಸರಿ ಅಂತ ನಾನು ಹೇಳುತ್ತಿಲ್ಲ. 2021ರಲ್ಲಿ ಆಕಸ್ ಮಾತುಕತೆ ಗುಟ್ಟಾಗಿ ನಡೆದು, ಫ್ರಾನ್ಸಿನ ಸಬ್‌ಮರೀನ್ ಗುತ್ತಿಗೆ ಮುರಿದು, ಜನರಿಗೆ ದಿಢೀರನೆ ಗೊತ್ತಾಯಿತು. ಖರ್ಚು ದಶಕಗಳಲ್ಲಿ 368 ಬಿಲಿಯನ್ ಆಸ್ಟ್ರೇಲಿಯನ್ ಡಾಲರ್‌ವರೆಗೆ ಹೋಗಬಹುದು ಅಂತ ಸರ್ಕಾರವೇ ಹೇಳಿದೆ. ಆದರೂ ಆಮೇಲಾದರೂ ಚರ್ಚೆ ನಡೆಯಿತು. ಆಳುವ ಪಕ್ಷದವರೇ ಆದ ಮಾಜಿ ಪ್ರಧಾನಿ ಪಾಲ್ ಕೀಟಿಂಗ್ 2023ರಲ್ಲಿ ಅದನ್ನು ಎಲ್ಲರೆದುರು ಕಟುವಾಗಿ ಟೀಕಿಸಿದರು. 1996ರಿಂದ ಇಲ್ಲಿನ ಸಂಸತ್ತಿನಲ್ಲಿ ಒಪ್ಪಂದಗಳನ್ನೇ ನೋಡುವ ಒಂದು ಸಮಿತಿಯಿದೆ. ಅದಕ್ಕೆ ಯಾರು ಬೇಕಾದರೂ ಬರೆಯಬಹುದು.

ನಮ್ಮಲ್ಲಿ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆಯೇ ಬೇಕಿಲ್ಲ, ಸರ್ಕಾರದ ಸಹಿ ಸಾಕು. ಅಮೆರಿಕದ ಜೊತೆ 2016, 2018, 2020ರಲ್ಲಿ ಒಂದೊಂದು ದೊಡ್ಡ ರಕ್ಷಣಾ ಒಪ್ಪಂದವಾಯಿತು. ಕರಾವಳಿಯ ಜನ ಪೇಪರಿನಲ್ಲಿ ಓದಿದರು, ಅಷ್ಟೆ. ಇನ್ನು ಸೀಬರ್ಡ್. ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರಲ್ಲಿ, ನೆಲೆ ಶುರುವಾಗಿದ್ದು 2005ರಲ್ಲಿ. ಅದಕ್ಕಾಗಿ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ದೇಶಕ್ಕಾಗಿ ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲ ಕೊಟ್ಟವರು ಅವರು.

ಭಾರತದ ದಾರಿಯಲ್ಲಿ ನನಗೆ ಮನಸಾರೆ ಇಷ್ಟವಾಗುವುದೂ ಇದೆ. ಇನ್ನೊಬ್ಬರ ಯುದ್ಧಕ್ಕೆ ಇಳಿಯುವ ಮಾತು ಕೊಡದೆ ಗೆಳೆತನ ಮಾಡುವುದು. 2025ರ ಏಪ್ರಿಲ್‌ನಲ್ಲಿ ನಮ್ಮ ಕಾರವಾರದಿಂದಲೇ ಐಎನ್‌ಎಸ್ ಸುನಯನಾ ಹೊರಟಿತು. ಅದರಲ್ಲಿ ಕೀನ್ಯಾ, ಮಾಲ್ಡೀವ್ಸ್, ಶ್ರೀಲಂಕಾ, ತಾಂಜಾನಿಯಾ ಸೇರಿ 9 ದೇಶಗಳ 44 ಮಂದಿ ನಾವಿಕರು ನಮ್ಮವರ ಜೊತೆ ಇದ್ದರು. ಸಣ್ಣ ದೇಶಗಳನ್ನು ಹೀಗೆ ಹಡಗಿಗೇ ಹತ್ತಿಸಿಕೊಂಡು ಹೋಗುವುದನ್ನು ಆಸ್ಟ್ರೇಲಿಯಾದವರು ನಮ್ಮಿಂದ ಕಲಿಯಬೇಕು ಅಂತ ಇಲ್ಲಿನ ಗೆಳೆಯರಿಗೆ ಹೇಳುತ್ತಲೇ ಇರುತ್ತೇನೆ.

ಹಾಗೆಯೇ ಇಲ್ಲಿಂದ ನಾವು ತೆಗೆದುಕೊಳ್ಳಬೇಕಾದದ್ದು ಒಪ್ಪಂದಗಳನ್ನು ನೋಡುವ ಆ ಸಮಿತಿ. ರಹಸ್ಯ ಬಿಚ್ಚಿ ಅಂತ ಯಾರೂ ಕೇಳುವುದಿಲ್ಲ. ಹೊರದೇಶದ ಹಡಗು ಬಂದು ನಿಲ್ಲುವುದಾದರೆ ಮೀನುಗಾರಿಕೆಗೆ ಎಷ್ಟು ನೀರು ಉಳಿಯುತ್ತದೆ, ಅವಘಡವಾದರೆ ಹೊಣೆ ಯಾರದು, ಊರಿನ ಹುಡುಗರಿಗೆ ಕೆಲಸ ಎಷ್ಟು, ಇವು ರಹಸ್ಯವಲ್ಲ. ದೆಹಲಿಯಲ್ಲಿ ಸಂಸದರ ಒಂದು ಸಮಿತಿ ಒಪ್ಪಂದಗಳನ್ನು ಓದಲಿ. ಕಡಲ ಒಪ್ಪಂದವಾದರೆ ಅದರ ಒಂದು ಸಭೆ ಕಾರವಾರದಲ್ಲೇ ಆಗಲಿ, ಕನ್ನಡದಲ್ಲಿ, ಕೊಂಕಣಿಯಲ್ಲಿ. ಮೀನುಗಾರಿಕೆ ನಿಂತಿರುವ ಮಳೆಗಾಲದ ದಿನ ನೋಡಿ ಇಟ್ಟರೆ ದೋಣಿಯವರೂ ಬರಬಹುದು.