ಮನೆಗೆ ಇನ್ಶೂರೆನ್ಸ್ ಇದೆ ಅನ್ನುವವರು ಒಮ್ಮೆ ಪಾಲಿಸಿ ತೆಗೆದು ಓದಿ

ಹೋಮ್ ಲೋನ್ ತಗೊಂಡವರನ್ನು ಕೇಳಿದರೆ "ಇನ್ಶೂರೆನ್ಸ್ ಇದೆ, ಬ್ಯಾಂಕಿನವರೇ ಮಾಡಿಸಿದ್ದಾರೆ" ಅನ್ನುತ್ತಾರೆ. ಕಾಗದ ತೆಗೆದು ನೋಡಿದರೆ ಎಷ್ಟೋ ಸಲ ಅದು ಸಾಲಗಾರರ ಜೀವದ ಮೇಲಿನ ವಿಮೆ. ಅವರು ತೀರಿಕೊಂಡರೆ ಸಾಲ ತೀರುತ್ತದೆ, ಸರಿ. ಆದರೆ ಗೋಡೆ ಬಿದ್ದರೆ ಬಿಡಿಗಾಸೂ ಬರುವುದಿಲ್ಲ. ಇದನ್ನು ಸಹಿ ಹಾಕಿಸಿಕೊಳ್ಳುವ ದಿನವೇ ಬಿಡಿಸಿ ಹೇಳಬೇಕಲ್ವಾ? ನನಗೆ ಸಿಟ್ಟು ಬರುವುದೇ ಇಲ್ಲಿ.

ಕಟ್ಟಡಕ್ಕೆಂದೇ ಇರುವುದು ಬೇರೆ. ಬೆಂಕಿ ವಿಮೆ ಮಾಡುವ ಕಂಪನಿಗಳೆಲ್ಲ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕು ಎಂದು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ ನಿಯಮ ಮಾಡಿದೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಭೂಕುಸಿತ, ಗಲಭೆ, ಮರ ಬೀಳುವುದು, ಟ್ಯಾಂಕ್ ಒಡೆಯುವುದು ಎಲ್ಲವೂ ಅದರಲ್ಲಿವೆ. ಕಟ್ಟಡದ ವಿಮೆ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೂ ತಾನಾಗಿಯೇ ಸೇರುತ್ತದೆ. ಒಳ್ಳೆಯ ಪಾಲಿಸಿಯೇ.

ಆದರೆ ನಮಗೆ ಜಾಸ್ತಿ ಭಯ ಇರುವುದು ಕಳ್ಳರದ್ದು. ಊರಿಗೆ ಹೋದಾಗ ಬೀಗ ಒಡೆದು ಕದ್ದರೆ ಈ ಪಾಲಿಸಿಯಲ್ಲಿ ಏನೂ ಸಿಗುವುದಿಲ್ಲ. ಪ್ರವಾಹ, ಬೆಂಕಿಯಂಥ ಅನಾಹುತ ಆದ 7 ದಿನದೊಳಗೆ, ಅದರಿಂದಾಗಿಯೇ ಆದ ಕಳ್ಳತನ ಮಾತ್ರ ಸೇರುತ್ತದೆ. ಮಾಮೂಲಿ ಕಳ್ಳತನಕ್ಕೆ ಬೇರೆ ಕವರ್ ತಗೊಳ್ಳಬೇಕು. ಒಡವೆಯ ಕವರ್ ಕೂಡ ಕೇಳಿ, ಅದರ ಬೆಲೆಗೆ ಕಂಪನಿಯನ್ನು ಒಪ್ಪಿಸಿಯೇ ಮಾಡಿಸಿಕೊಳ್ಳಬೇಕು. ಕಳ್ಳತನವಾದರೆ ದುಡ್ಡು ಸಿಗುತ್ತದಾ ಅನ್ನುವುದೇ ಜನ ಕೇಳುವ ಮೊದಲ ಪ್ರಶ್ನೆ, ಹಾಗಾಗಿ ಉತ್ತರವೂ ಪಾಲಿಸಿಯ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವೋಲ್ಟೇಜ್ ಏರಿ ಫ್ರಿಜ್ ಸುಟ್ಟುಹೋದರೆ ಆ ಫ್ರಿಜ್‌ಗೆ ದುಡ್ಡಿಲ್ಲ. ಅದರಿಂದ ಬೆಂಕಿ ಹತ್ತಿ ಅಡುಗೆಮನೆ ಸುಟ್ಟರೆ ಅಡುಗೆಮನೆಗೆ ಉಂಟು. ಹೊಸ ಕಟ್ಟಡ ಕೂರುವಾಗ ಬರುವ ಬಿರುಕಿಗೂ ಕಳಪೆ ಕೆಲಸಕ್ಕೂ ಇಲ್ಲ. ಅದನ್ನು ಬಿಲ್ಡರ್ ಹತ್ತಿರವೇ ಕೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಮನೆಗಳ ಜತೆ ಕಾರುಗಳೂ ಮುಳುಗಿದವು. ಕಾರಿನದ್ದು ಕಾರಿನ ವಿಮೆಯೇ ನೋಡಿಕೊಳ್ಳಬೇಕು, ಅದೂ ಬೇರೆಯವರಿಗಾದ ಹಾನಿಗಷ್ಟೇ ಕೊಡುವ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಸಾಲದು.

ಇನ್ನು ಮೊತ್ತದ ವಿಷಯ. ಮನೆಗೆ 1 ಕೋಟಿ ಕೊಟ್ಟಿದ್ದೇವೆ ಅಂತ 1 ಕೋಟಿಗೆ ವಿಮೆ ಮಾಡಿಸುವ ಅಗತ್ಯವಿಲ್ಲ. ಸೈಟಿನ ಬೆಲೆ ಲೆಕ್ಕಕ್ಕೆ ಬರುವುದೇ ಇಲ್ಲ. ಅಷ್ಟೇ ಕಟ್ಟಡವನ್ನು ಈಗ ಮತ್ತೆ ಕಟ್ಟಲು ಏನು ಬೀಳುತ್ತದೋ ಅದು ಮಾತ್ರ. ಇದರ ಇನ್ನೊಂದು ಮುಖ ಕಠೋರವಾಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಎಷ್ಟೋ ಕಡೆ ಮನೆಯ ಜತೆ ಅದು ನಿಂತ ನೆಲವೂ ಹೋಯಿತು. ಪಾಲಿಸಿ ಇದ್ದರೂ ಅದು ಕೊಡುವುದು ಕಟ್ಟಡಕ್ಕೆ, ನೆಲಕ್ಕಲ್ಲ. ಗುಡ್ಡದ ಬುಡದಲ್ಲಿ ಮನೆ ಕಟ್ಟುವವರು ಇದನ್ನು ತಿಳಿದೇ ಮುಂದುವರಿಯಲಿ.

ಬಾಡಿಗೆ ಮನೆಯಲ್ಲಿರುವವರು ಇದು ನಮಗಲ್ಲ ಅಂತ ಸುಮ್ನೆ ಮುಂದೆ ಹೋಗಬೇಡಿ. ಮಾಲೀಕರ ಪಾಲಿಸಿ ನಿಮ್ಮ ಟಿವಿ, ಮಂಚ, ಬೀರುವಿಗೆ ಕೊಡುವುದಿಲ್ಲ. ಸಾಮಾನಿಗೆ ಮಾತ್ರ ಅಂತ ನೀವೇ ಇದೇ ಪಾಲಿಸಿ ತಗೊಳ್ಳಬಹುದು.