ಅಜ್ಜನ ಹೆಸರಿನ ಖಾತೆ

ನಮ್ಮ ಮನೆಯಲ್ಲಿ ಹಿಸೆಯಾಗಿ 6 ವರ್ಷವಾಯಿತು. ತೋಟ ಮೂರು ಪಾಲು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಮೂರು ಪಾಲು, ಅಂಗಳದ ನಡುವೆ ಅಡಕೆ ದಬ್ಬೆಯ ಬೇಲಿ. ಹಿತ್ತಲ ಹಲಸಿನ ಮರ ಈ ವರ್ಷ ದೊಡ್ಡಪ್ಪನಿಗೆ, ಬರುವ ವರ್ಷ ಚಿಕ್ಕಪ್ಪನಿಗೆ. ಬಚ್ಚಲ ಹಂಡೆಯನ್ನು ಕೊಯ್ಯಲಾಗದೆ ಮಾರಿ ದುಡ್ಡು ಹಂಚಿಕೊಂಡೆವು. ಹಿಸೆಯಾಗದೆ ಉಳಿದದ್ದು ಒಂದೇ, ಅಜ್ಜನ ಹೆಸರಿನ ಗೂಗಲ್ ಖಾತೆ.

2016ರಲ್ಲಿ ಅಜ್ಜನಿಗೆಂದು ಮೊದಲ ಸ್ಮಾರ್ಟ್‌ಫೋನ್ ಬಂದಾಗ ಸಿರಸಿ ಪೇಟೆಯ ಅಂಗಡಿ ಹುಡುಗ ಐದು ನಿಮಿಷದಲ್ಲಿ ಅದನ್ನು ಮಾಡಿಕೊಟ್ಟ. ಆಮೇಲೆ ಮನೆಗೆ ಯಾವ ಫೋನ್ ಬಂದರೂ ಅಂಗಡಿಯವನು "ಐಡಿ ಐತೇನ್ರಿ?" ಎನ್ನುವುದು, ನಾವು "ಇದ್ದು" ಎಂದು ಅಜ್ಜನದ್ದೇ ಕೊಡುವುದು. ತಲೆಗೊಂದು ಖಾತೆ ಮಾಡಿಸಿದರೆ ತಲೆಗೊಂದು 15 ಜಿಬಿ ಪುಕ್ಕಟೆ. ಆದರೆ ಅಷ್ಟು ಪಾಸ್‌ವರ್ಡ್ ನೆನಪಿಡುವವರು ಯಾರು? ಇದು ನಮ್ಮ ಮನೆಯ ತಿಕ್ಕಲು ಎಂದುಕೊಳ್ಳಬೇಡಿ. ಸಿದ್ದಾಪುರ, ಯಲ್ಲಾಪುರದ ನೆಂಟರ ಜಗಲಿಯಲ್ಲಿ ಕುಳಿತು ವಿಚಾರಿಸಿದ್ದೇನೆ. ಕವಳದ ತಟ್ಟೆಯಂತೆ ಅಲ್ಲೂ ಮನೆಗೊಂದೇ ಐಡಿ.

ಹೀಗಾಗಿ ಒಂದೇ ಒಲೆಯ ಅಡುಗೆ ಬಿಟ್ಟ ನಾವು ಒಂದೇ ಆಲ್ಬಮ್ಮಿನಲ್ಲಿ ಬಾಳುತ್ತಿದ್ದೇವೆ. ಅಪ್ಪಯ್ಯ ಕೊಳೆ ಬಂದ ಅಡಕೆ ಗೊನೆಯ ಫೋಟೋ ತೆಗೆದರೆ ಅದು ಬೆಂಗಳೂರಿನ ಅಣ್ಣನ ಟಿವಿಯಲ್ಲಿ ಮೂಡುತ್ತದೆ. ಚಿಕ್ಕಪ್ಪ ದನದ ಡಾಕ್ಟರಿಗೆ ತೋರಿಸಲು ತೆಗೆದ, ಬಾತ ಕೆಚ್ಚಲಿನ ಫೋಟೋ ಅತ್ತಿಗೆಯ ಸೀಮಂತದ ಫೋಟೋಗಳ ನಡುವೆ ಹೋಗಿ ಕೂರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಆಯಿ ಕನ್ನಡಕ ಏರಿಸಿಕೊಂಡು ಬಂದಳು. "ತಮಾ, ಎನ್ನ ಮೊಬೈಲಲ್ಲಿ ಯಾರ್ದೋ ಬಾಟ್ಲಿ ಫೋಟೋ ಬಂದಿದ್ದು. ಇದು ಎಂತದಾ?" ಅಣ್ಣ ಆಫೀಸಿನವರ ಜೊತೆ ಗೋವಾಕ್ಕೆ ಹೋಗಿದ್ದ. ಜೀರಿಗೆ ಕಷಾಯ ಎಂದು ಹೇಳಿ ಅವನ ಮಾನ ಉಳಿಸಿದೆ. ಪ್ರತಿಫಲವಾಗಿ ಅವನು ನನಗೇನೂ ಕೊಟ್ಟಿಲ್ಲ, ಇರಲಿ.

ದೊಡ್ಡಪ್ಪನದು ಬೇರೆಯದೇ ತಪಸ್ಸು. ಅವರ ಪಾಲಿನ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ನಮ್ಮ ಕಡೆ 1 ಎಕರೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಬ್ರಿಟಿಷರು, ಮುಂದೆ ಜನ ಅಲ್ಲಿಗೆ ಸೊಪ್ಪಿಗಲ್ಲ, ನೆಟ್‌ವರ್ಕಿಗೆ ಹೋಗುತ್ತಾರೆಂದು ಎಣಿಸಿರಲಿಕ್ಕಿಲ್ಲ. ಮಗಳ ಮದುವೆಯ ಫೋಟೋ "ಮೇಲೆ ಹೋಗಲಿ" ಎಂದು ಅವರು ಸಂಜೆ ಸಂಜೆ ಬೆಟ್ಟದ ನೆತ್ತಿಯ ಮತ್ತಿ ಮರದ ಬುಡದಲ್ಲಿ ಫೋನ್ ಎತ್ತಿ ಹಿಡಿದು ನಿಂತರು. ಮೂರು ವಾರ, ಉಂಬಳಗಳಿಗೆ ರಕ್ತ ಕೊಟ್ಟು. ಕೊನೆಗೆ ನಾನು ನೋಡಿದರೆ ಬ್ಯಾಕಪ್ಪಿಗೆ ವೈಫೈ ಮಾತ್ರ ಎಂದಿದೆ, ಮೊಬೈಲ್ ಡೇಟಾ ಬಂದ್. ಮೊದಲಿನಿಂದಲೂ ಅದು ಹಾಗೆಯೇ ಇತ್ತು.

ಇಷ್ಟರಲ್ಲಿ ಜಾಗ ಮುಗಿಯಿತು. ಫೋಟೋ ಎಷ್ಟು ಬೇಕಾದರೂ ಪುಕ್ಕಟೆ ಎಂಬ ಅನ್ನಛತ್ರವನ್ನು ಗೂಗಲ್ 2021ರ ಜೂನ್ 1ಕ್ಕೆ ಮುಚ್ಚಿತು. ಅಲ್ಲಿಂದೀಚೆ ಫೋಟೋ, ಮೇಲ್, ಡ್ರೈವ್ ಎಲ್ಲವೂ ಅದೇ 15 ಜಿಬಿಯೊಳಗೆ. ಅಷ್ಟರಲ್ಲಿ ಸುಮಾರು 4,000 ಫೋಟೋ ಹಿಡಿಸಬಹುದು. ಆದರೆ ಚಿಕ್ಕಪ್ಪನಿಗೆ ಯಕ್ಷಗಾನದ ಹುಚ್ಚು. ನಿಮಿಷಕ್ಕೆ 100 ಎಂಬಿ ತಿನ್ನುವ ವಿಡಿಯೋವನ್ನು ಅವರು ಒಂದೇ ರಾತ್ರಿ ಎರಡು ತಾಸು ಹಿಡಿದಿದ್ದಾರೆ. ಲೆಕ್ಕ ಹಾಕಿ: 12 ಜಿಬಿ. ನಾನು ಪೂರ್ತಿ ನೋಡಿದೆ. ಮುಂದೆ ಕುಳಿತವರೊಬ್ಬರ ಬೋಳು ತಲೆ ಎರಡು ತಾಸು ಬಹಳ ಸ್ಪಷ್ಟವಾಗಿ ಕಾಣುತ್ತದೆ, ಆಗಾಗ ಅದರ ಹಿಂದಿನಿಂದ ಒಂದು ಕಿರೀಟ ಎದ್ದು ಮುಳುಗುತ್ತದೆ. ಉಳಿದ 3 ಜಿಬಿಯಲ್ಲಿ ನಮ್ಮ ವಂಶದ ಸಮಸ್ತ ಇತಿಹಾಸ.

ಆ ಇತಿಹಾಸವೂ ನೆಟ್ಟಗಿಲ್ಲ. ಅತ್ತೆ ಹಳೆಯ ಕಪ್ಪುಬಿಳುಪು ಫೋಟೋಗಳನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್ಯಾಪಿನಲ್ಲಿ ಕಳಿಸಿದಳು. ಹಾಗೆ ಬಂದ ಫೋಟೋಕ್ಕೆ ತನ್ನ ತಾರೀಕು ತನಗೇ ಗೊತ್ತಿರುವುದಿಲ್ಲ, ಬಂದಿಳಿದ ದಿನವೇ ಹುಟ್ಟಿದ ದಿನ. ಅಜ್ಜ ತೀರಿಕೊಂಡು 4 ವರ್ಷ. ಖಾತೆಯ ಪ್ರಕಾರ ಅವನ ಮದುವೆ ಹೋದ ದೀಪಾವಳಿಗೆ ಆಯಿತು.

ಮೇಲ್ ಬರುವುದು ನಿಂತಾಗ ಚಿಕ್ಕಪ್ಪ ಮುಂದಾಳತ್ವ ವಹಿಸಿದರು. ತಮ್ಮ ಯಕ್ಷಗಾನವನ್ನು ಬಿಟ್ಟು ಮಿಕ್ಕ ಕಸವನ್ನೆಲ್ಲ ಒಂದು ಮಧ್ಯಾಹ್ನ ಕೂತು ಅಳಿಸಿದರು. ಅದೇ ಹೊತ್ತಿಗೆ ಇಲ್ಲಿ ಆಯಿಯ ಮೊಬೈಲು ಖಾಲಿ, ಬೆಂಗಳೂರಿನಲ್ಲಿ ಅಣ್ಣನ ಟಿವಿ ಖಾಲಿ, ದೊಡ್ಡಪ್ಪನ ಮೂರು ವಾರದ ರಕ್ತದಾನ ನೀರಿನಲ್ಲಿ ಹೋಮ. "ಎನ್ನ ಮೊಬೈಲಲ್ಲಿ ಇಪ್ಪದನ್ನ ಆನು ಅಳಿಸಿದ್ದಿ. ನಿಂಗಳದ್ದು ಆನು ಮುಟ್ಟಿದ್ನಿಲ್ಲೆ" ಎಂದರು ಚಿಕ್ಕಪ್ಪ. ಹಿಸೆಯ ನ್ಯಾಯದಲ್ಲಿ ಅವರ ವಾದ ಸರಿಯೇ. ಒಂದು ಫೋನಿನಲ್ಲಿ ಆದದ್ದನ್ನು ಎಲ್ಲ ಫೋನಿನಲ್ಲೂ ಮಾಡುವ ಸಿಂಕ್ ಎಂಬುದಕ್ಕೆ ಆ ನ್ಯಾಯ ತಿಳಿಯದು. ಅದು ಕೂಡು ಕುಟುಂಬದ ಪೈಕಿ: ಒಬ್ಬನಿಗೆ ಸೂತಕವಾದರೆ ಎಲ್ಲರಿಗೂ ಸೂತಕ. ನಾವೋ ಅದನ್ನೇ ಬ್ಯಾಕಪ್ ಎಂದು ನಂಬಿದ್ದೆವು. ಇನ್ನೊಂದು ಪ್ರತಿಯನ್ನು ಒಂದು ಹಾರ್ಡ್‌ಡಿಸ್ಕಿಗೆ ಹಾಕಿ ಅಟ್ಟದ ಮೇಲಿಡೋಣವೆಂದು ನಾನು ಹಿಂದೊಮ್ಮೆ ಹೇಳಿದ್ದೆ. ಡಿಸ್ಕ್ ಯಾರ ಪಾಲಿನ ಅಟ್ಟದಲ್ಲಿರಬೇಕೆಂಬ ಚರ್ಚೆ ಎದ್ದು ಡಿಸ್ಕನ್ನೇ ಕೊಳ್ಳಲಿಲ್ಲ.

ಅಳಿಸಿದ್ದು ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಜೀವ ಉಳಿಯಿತು. ಆದರೆ ಬುಟ್ಟಿಯ ಕಸವೂ 15 ಜಿಬಿಯ ಲೆಕ್ಕಕ್ಕೇ ಸೇರುವುದರಿಂದ ಜಾಗ ಮಾತ್ರ ಒಂದಂಗುಲವೂ ಆಗಲಿಲ್ಲ. ಬುಟ್ಟಿಯನ್ನೂ ಖಾಲಿ ಮಾಡಿಬಿಡುತ್ತೇನೆಂದು ಚಿಕ್ಕಪ್ಪ ಹುಡುಕತೊಡಗಿದಾಗ ಅಣ್ಣ ಬೆಂಗಳೂರಿನಿಂದ ಕೂಗಿದ, ಪಾಸ್‌ವರ್ಡ್ ಬದಲಿಸು, ಈಗಲೇ! ಬದಲಿಸಲು ಹೋದರೆ ಓಟಿಪಿ ಕೇಳಿತು. ಓಟಿಪಿ ಹೋದದ್ದು ಅಜ್ಜನ ನಂಬರಿಗೆ.

ಜಮೀನಿನದ್ದಾದರೆ ಪೌತಿ ಖಾತೆ ಎಂದೊಂದು ದಾರಿಯಿದೆ. ಸತ್ತವರ ಹೆಸರಿನಲ್ಲೇ ಕೂತ ಪಹಣಿಗಳನ್ನು ಬದಲಿಸಲು ಸರ್ಕಾರ ಇ-ಪೌತಿ ಆಂದೋಲನವನ್ನೇ ಹೂಡಿತು. (ನಮ್ಮದು ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಆ ಮಾತು ಬೇರೆ.) ಗೂಗಲ್ಲಿನಲ್ಲೂ 2013ರಿಂದ ಅಂಥದೊಂದು ಏರ್ಪಾಡಿದೆ. ನಾನು ಸುಮ್ಮನಾದ ಮೇಲೆ ಇಂಥವರಿಗೆ ಕೊಡಿ ಎಂದು 10 ಜನರ ಹೆಸರನ್ನು ಬರೆದಿಡಬಹುದು. ಬರೆದಿಡಬೇಕಾದವನು ಬದುಕಿದ್ದಾಗ, ಅಷ್ಟೇ. ಅಜ್ಜನ ಸಿಮ್ಮನ್ನು ಆಯಿ ಅವನ ಕವಳದ ಸಂಚಿಯಲ್ಲಿಟ್ಟು ದೇವರ ಕೋಣೆಯಲ್ಲಿ ಜೋಪಾನ ಮಾಡಿದ್ದಳು. ರೀಚಾರ್ಜ್ ಮಾಡಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಾಗೆ ಬಿಟ್ಟ ನಂಬರು ಕೆಲಕಾಲದ ಮೇಲೆ ಬೇರೆಯವರ ಪಾಲಾಗುತ್ತದೆ.

ಜಗಲಿಯಲ್ಲಿ ಎಲ್ಲರೂ ಸುತ್ತ ಕೂತೆವು. ಹಿಸೆಯಾದ ಮೇಲೆ ಮೂವರೂ ಒಂದೇ ಚಾಪೆಯ ಮೇಲೆ ಕೂತದ್ದು ಅದೇ ಮೊದಲು. ಅಜ್ಜನ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಯಾರ್ರೀ?" ಹಾವೇರಿ ಕಡೆಯ ದನಿ.

ಸಂಕೋಚದಿಂದ ವಿಷಯ ಹೇಳಿದೆ. ಸಿರಸಿ, ಅಜ್ಜ, ಫೋಟೋ, ಓಟಿಪಿ.

"ಹೌದ್ರೀ, ಈಗ ಬಂತು. ಬರ್ಕೊಳ್ರಿ" ಎಂದು ಆರೂ ಅಂಕಿ ಓದಿದರು. ನಾನು ಉಪಕಾರವಾಯಿತು ಎಂದು ಇಡುವಷ್ಟರಲ್ಲಿ, "ಅಂದಂಗ, ನಿಮ್ಮ ಗ್ಯಾಸ್ ಸಿಲಿಂಡರ್ ಮಂಗಳವಾರ ಮುಟ್ಟಿಲ್ಲೇನ್ರಿ? ಮುಟ್ಟೇತಿ ಅಂತ ನನಗ ಮೆಸೇಜ್ ಬಂದೈತಿ. ಮತ್ತ ಸೊಸೈಟಿಯಾಗ ಈ ಸಲ ಅಡಕಿ ಭಾಳ ಕಡಿಮಿ ಹಾಕೀರಲ್ರಿ, ಕೊಳಿ ಬಂದಿತ್ತೇನು?"

ದೊಡ್ಡಪ್ಪ ಮುಂದೆ ಬಾಗಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. "ಹೋಯ್, ಎಷ್ಟು ಕ್ವಿಂಟಾಲ್ ಅಂತ ಬಂದಿತ್ತು? ನಮ್ಮ ತಮ್ಮ ನಮಗೆ ಹೇಳೋದೇ ಇಲ್ಲ ಮಾರಾಯ್ರೆ."