ರೋಗಿಯ ಫೈಲು ಕಂಪ್ಯೂಟರಿಗೆ ಹೋದರೆ ಚಿಕಿತ್ಸೆ ಸುಧಾರಿಸುತ್ತದೆಯೇ? ಪರ–ವಿರೋಧ

ಪರ: ಎಲ್ಲವೂ ಒಂದೇ ಕಡೆ ಕಾಣಲಿ

‘ಈಗ ಯಾವ ಯಾವ ಮಾತ್ರೆ ತಗೊಳ್ತಿದ್ದೀರಿ?’ ಅಂತ ಡಾಕ್ಟರು ಕೇಳಿದರೆ ಸಿಗುವ ಉತ್ತರ ಹೀಗಿರುತ್ತದೆ: ‘ಬೆಳಿಗ್ಗೆ ಒಂದು ಬಿಳಿದು, ರಾತ್ರಿ ಅರ್ಧ ಗುಲಾಬಿ ಬಣ್ಣದ್ದು.’ ಆ ಗುಲಾಬಿ ಮಾತ್ರೆ ಬಿಪಿಯದ್ದೋ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ನೋ? ವಾರ್ಫರಿನ್ ಆಗಿದ್ದರೆ, ಮಂಡಿನೋವಿಗೆ ಅಂತ ಐಬುಪ್ರೊಫೆನ್ ಬರೆದುಕೊಟ್ಟರೂ ಹೊಟ್ಟೆಯೊಳಗೆ ರಕ್ತಸ್ರಾವ ಆಗುವ ಅಪಾಯ ಏರುತ್ತದೆ. ಪ್ರಜ್ಞೆ ತಪ್ಪಿ ಬಂದವರಂತೂ ಬಣ್ಣವನ್ನೂ ಹೇಳಲಾರರು. ಔಷಧದ ಪಟ್ಟಿ, ಅಲರ್ಜಿ, ಹಳೆಯ ಆಪರೇಷನ್ ಎಲ್ಲ ಪರದೆಯ ಮೇಲಿದ್ದರೆ ಈ ಊಹೆಯ ಆಟ ತಪ್ಪುತ್ತದೆ.

ಇನ್ನೊಂದು ಲಾಭ ಇದೆ, ಅದರ ಬಗ್ಗೆ ಮಾತು ಕಡಿಮೆ. ಕಿಡ್ನಿ ಹೇಗಿದೆ ಅಂತ ನೋಡಲು ರಕ್ತದಲ್ಲಿ ಕ್ರಿಯಾಟಿನಿನ್ ಅಳೆಯುತ್ತಾರೆ. ಒಬ್ಬರಿಗೆ ಮೊದಲ ವರ್ಷ 0.7 ಬಂತು, ಮುಂದಿನ ವರ್ಷ 0.9, ಆಮೇಲೆ 1.2 ಅಂದುಕೊಳ್ಳಿ. ಬಹಳಷ್ಟು ಲ್ಯಾಬುಗಳ ಲೆಕ್ಕದಲ್ಲಿ ಮೂರೂ ನಾರ್ಮಲ್. ಮೂರು ಬೇರೆ ಬೇರೆ ಚೀಟಿ, ಮೂರು ಬೇರೆ ಬೇರೆ ಡಾಕ್ಟರು ಆದರೆ ಯಾರಿಗೂ ಅನುಮಾನ ಬರುವುದಿಲ್ಲ. ಅದೇ ಅಂಕಿಗಳನ್ನು ಒಂದು ಗ್ರಾಫಿನಲ್ಲಿ ಜೋಡಿಸಿ ನೋಡಿ. ಗೆರೆ ಮೇಲಕ್ಕೇ ಹೋಗುತ್ತಿರುವುದು ಕಣ್ಣಿಗೆ ಹೊಡೆಯುತ್ತದೆ. ಕಿಡ್ನಿ ಪೂರ್ತಿ ಕೈಕೊಡುವ ಮೊದಲೇ ಏನಾದರೂ ಮಾಡಬಹುದು.

ವಾರ್ಡಿನಲ್ಲಿ ಔಷಧ ಕೊಡುವಾಗ ರೋಗಿಯ ಕೈಪಟ್ಟಿ ಮತ್ತು ಔಷಧದ ಬಾರ್‌ಕೋಡ್ ಎರಡನ್ನೂ ಸ್ಕ್ಯಾನ್ ಮಾಡುವ ಪದ್ಧತಿ ಬಂದಿದೆ. ಬಾಸ್ಟನ್ನಿನ ಬ್ರಿಗಮ್ ಆಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ಇದರಿಂದ ಔಷಧ ಕೊಡುವಾಗಿನ ತಪ್ಪುಗಳು (ಹೊತ್ತು ಹೆಚ್ಚುಕಡಿಮೆ ಆದದ್ದನ್ನು ಬಿಟ್ಟು) ಶೇ 41ರಷ್ಟು ಇಳಿದವು ಅಂತ 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಸಣ್ಣ ಮಾತಲ್ಲ ಅದು.

ಕಾಗದ ನೆನೆಯುತ್ತದೆ, ಕಳೆಯುತ್ತದೆ. 2005ರ ಕತ್ರೀನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಆಸ್ಪತ್ರೆ, ಕ್ಲಿನಿಕ್ಕುಗಳ ಕಾಗದದ ಫೈಲುಗಳು ರಾಶಿ ರಾಶಿ ಹಾಳಾದವು. ಮಾಜಿ ಸೈನಿಕರ ಆಸ್ಪತ್ರೆಯ ದಾಖಲೆ ಮಾತ್ರ ಕಂಪ್ಯೂಟರಿನಲ್ಲಿತ್ತು. ಊರು ಬಿಟ್ಟು ಚದುರಿಹೋದ ಸೈನಿಕರಿಗೆ ಬೇರೆ ಊರಿನ ಡಾಕ್ಟರು ಅದನ್ನು ತೆರೆದು ನೋಡಿ ಚಿಕಿತ್ಸೆ ಮುಂದುವರಿಸಿದರು.

ಲಕ್ಷಾಂತರ ಜನರ ದಾಖಲೆ ಒಟ್ಟಿಗೆ ಇದ್ದರೆ ಔಷಧದ ದೋಷವೂ ಬಯಲಾಗುತ್ತದೆ. ನೋವಿನ ಮಾತ್ರೆ ವಯಾಕ್ಸ್ ಅನ್ನು 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಆರೋಗ್ಯ ವಿಮೆ, ಚಿಕಿತ್ಸೆ ಎರಡನ್ನೂ ಕೊಡುವ ಅಮೆರಿಕದ ಕೈಸರ್ ಪರ್ಮನೆಂಟೆ ಸಂಸ್ಥೆಯ ಸುಮಾರು 14 ಲಕ್ಷ ಜನರ ದಾಖಲೆ ಜಾಲಾಡಿದಾಗ, ಜಾಸ್ತಿ ಡೋಸಿನಲ್ಲಿ ಅದು ಹೃದಯಕ್ಕೆ ಎಷ್ಟು ಅಪಾಯ ಅನ್ನುವುದು ಎದ್ದು ಕಂಡಿತ್ತು. ಕಾಗದದ ಫೈಲುಗಳಲ್ಲಿ ಹುಡುಕುವುದಾಗಿದ್ದರೆ ಆ ಕೆಲಸಕ್ಕೆ ಯಾರೂ ಕೈಹಾಕುತ್ತಿರಲಿಲ್ಲ ಅನ್ನಿಸುತ್ತದೆ.

ಗುಟ್ಟು ಬಯಲಾಗುತ್ತದೆ ಅನ್ನುವ ಭಯಕ್ಕೆ ಎಸ್ಟೋನಿಯಾ ಒಂದು ದಾರಿ ತೋರಿಸಿದೆ. ಅಲ್ಲಿ ನಿಮ್ಮ ದಾಖಲೆಯನ್ನು ಯಾರು, ಯಾವಾಗ ತೆರೆದರು ಅಂತ ನೀವೇ ಲಾಗಿನ್ ಆಗಿ ನೋಡಬಹುದು. ಕಾಗದದ ಫೈಲನ್ನು ಯಾರು ತಿರುವಿಹಾಕಿದರೋ ಯಾರಿಗೆ ಗೊತ್ತು?

ವಿರೋಧ: ಪರದೆ ಹೇಳಿದ್ದೇ ಸರಿಯಾದಾಗ

2013, ಸ್ಯಾನ್ ಫ್ರಾನ್ಸಿಸ್ಕೋದ ಒಂದು ದೊಡ್ಡ ಆಸ್ಪತ್ರೆ. ಹದಿಹರೆಯದ ಹುಡುಗನೊಬ್ಬನಿಗೆ ಕೊಡಬೇಕಿದ್ದದ್ದು 160 ಮಿಲಿಗ್ರಾಂನ ಒಂದೇ ಒಂದು ಆ್ಯಂಟಿಬಯಾಟಿಕ್ ಮಾತ್ರೆ. ಡಾಕ್ಟರು ಕಂಪ್ಯೂಟರಿನಲ್ಲಿ 160 ಅಂತಲೇ ಒತ್ತಿದರು. ಆದರೆ ಪರದೆಯ ಮೇಲೆ ಪಕ್ಕದ ಚೌಕದಲ್ಲಿ ‘ಒಂದು ಕೆ.ಜಿ. ತೂಕಕ್ಕೆ ಇಷ್ಟು ಮಿಲಿಗ್ರಾಂ’ ಅಂತ ಇತ್ತು. ಹುಡುಗನ ತೂಕ 38.6 ಕೆ.ಜಿ. ಕಂಪ್ಯೂಟರ್ ನಿಷ್ಠೆಯಿಂದ ಗುಣಿಸಿತು: ಮೂವತ್ತೆಂಟೂವರೆ ಮಾತ್ರೆ.

ಎಚ್ಚರಿಕೆ ಬರಲಿಲ್ಲವಾ? ಬಂತು. ಡಾಕ್ಟರು ಅದನ್ನು ದಾಟಿದರು, ಫಾರ್ಮಸಿಸ್ಟೂ ದಾಟಿದರು. ದಿನವಿಡೀ ಬರುವ ಬೇಡದ ಎಚ್ಚರಿಕೆಗಳ ನಡುವೆ ಅದೂ ಒಂದಾಗಿತ್ತು ಅಷ್ಟೆ. ರೋಬೋಟ್ ಮಾತ್ರೆಗಳನ್ನು ಎಣಿಸಿ ಪ್ಯಾಕ್ ಮಾಡಿತು. ನರ್ಸಿಗೆ ಅನುಮಾನ ಬಂತು, ಇಷ್ಟೊಂದಾ ಅಂತ. ಬಾರ್‌ಕೋಡ್ ಸ್ಕ್ಯಾನ್ ಮಾಡಿ ನೋಡಿದರು. ಸರಿ ಇದೆ ಅಂದಿತು ಯಂತ್ರ. ಹುಡುಗ ಅಷ್ಟನ್ನೂ ನುಂಗಿದ. ಫಿಟ್ಸ್ ಬಂತು, ಪುಣ್ಯಕ್ಕೆ ಬದುಕಿದ.

ಅದೇ ಮೂವತ್ತೆಂಟೂವರೆಯನ್ನು ಕಾಗದದ ಚೀಟಿಯಲ್ಲಿ ಬರೆದಿದ್ದರೆ ಔಷಧ ಕೊಡುವವರು ನಕ್ಕು ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. ಬಾರ್‌ಕೋಡ್ ಗುಣಗಾನ ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆರ್ಡರಿಗೂ ಪ್ಯಾಕೆಟ್ಟಿಗೂ ತಾಳೆ ಆಗುತ್ತದೆಯೇ ಅಂತ ಅದು ನೋಡುತ್ತದೆ, ಅಷ್ಟೆ. ಆರ್ಡರೇ ತಪ್ಪಾಗಿದ್ದರೆ ಅದಕ್ಕೂ ಹಸಿರು ನಿಶಾನೆ ತೋರಿಸುತ್ತದೆ.

ಎಚ್ಚರಿಕೆಗಳನ್ನು ದಾಟುವುದು ಆ ಒಂದು ಆಸ್ಪತ್ರೆಯ ಚಾಳಿ ಏನಲ್ಲ. ಔಷಧದ ಎಚ್ಚರಿಕೆಗಳಲ್ಲಿ ಶೇ 49ರಿಂದ 96ರಷ್ಟನ್ನು ಡಾಕ್ಟರುಗಳು ದಾಟಿಬಿಡುತ್ತಾರೆ ಅಂತ 2006ರ ಒಂದು ಸಮೀಕ್ಷಾ ಲೇಖನ ಲೆಕ್ಕ ಕೊಟ್ಟಿತು.

ಇನ್ನು ಟೈಪಿಂಗ್. ರೋಗಿಯ ಜೊತೆ ಕಳೆದ ಪ್ರತಿ ಒಂದು ಗಂಟೆಗೆ ಡಾಕ್ಟರು ಹೆಚ್ಚುಕಡಿಮೆ ಎರಡು ಗಂಟೆ ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಕೊಡುತ್ತಾರೆ ಅಂತ ಅಮೆರಿಕದ 2016ರ ಅಧ್ಯಯನ ತೋರಿಸಿತು. ಸುಸ್ತಾದವರು ಏನು ಮಾಡುತ್ತಾರೆ? ನಿನ್ನೆಯ ನೋಟ್ಸನ್ನು ಕಾಪಿ ಮಾಡಿ ಇವತ್ತಿನದರಲ್ಲಿ ಪೇಸ್ಟ್ ಮಾಡುತ್ತಾರೆ. ಒಂದು ಕಾಲು ತೆಗೆದ ರೋಗಿಯ ಫೈಲಿನಲ್ಲೂ ‘ಎರಡೂ ಪಾದದಲ್ಲಿ ನಾಡಿ ಸರಿಯಿದೆ’ ಅಂತ ವಾರಗಟ್ಟಲೆ ಉಳಿಯಲು ಇಷ್ಟು ಸಾಕು. ಪರದೆಯಲ್ಲಿ ಮಾಹಿತಿ ತುಂಬಿ ತುಳುಕುತ್ತದೆ, ಅದರಲ್ಲಿ ಇವತ್ತಿನದು ಯಾವುದು ಅಂತ ಹುಡುಕುವುದೇ ಕಷ್ಟ.

ಯಾರು ನೋಡಿದರು ಅಂತ ಗೊತ್ತಾಗುತ್ತದೆ ಅನ್ನುವ ವಾದ ಕದ್ದವರ ಮುಂದೆ ನಿಲ್ಲುವುದಿಲ್ಲ. ಫಿನ್ಲೆಂಡಿನ ವಸ್ತಾಮೊ ಎಂಬ ಮಾನಸಿಕ ಚಿಕಿತ್ಸಾ ಸಂಸ್ಥೆಯ ದಾಖಲೆ ಕಳುವಾಗಿತ್ತು. 2020ರಲ್ಲಿ ರೋಗಿಗಳಿಗೇ ನೇರವಾಗಿ ಮೇಲ್ ಬಂತು: ದುಡ್ಡು ಕೊಡದಿದ್ದರೆ ನೀವು ಥೆರಪಿಸ್ಟಿಗೆ ಹೇಳಿದ್ದನ್ನೆಲ್ಲ ಬಯಲಿಗಿಡುತ್ತೇವೆ ಅಂತ. ಒಂದು ಕಪಾಟಿನ ಬೀಗ ಒಡೆದು ಸಾವಿರಾರು ಜನರ ಮನಸ್ಸಿನ ಮಾತನ್ನು ಹೊತ್ತೊಯ್ಯಲು ಆಗುತ್ತಿತ್ತಾ?

2021ರ ಮೇ ತಿಂಗಳಲ್ಲಿ ಐರ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಕಂಪ್ಯೂಟರುಗಳಿಗೆ, ಫೈಲುಗಳಿಗೆ ಬೀಗ ಜಡಿದು ಬಿಡಿಸಲು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕಿತು. ದೇಶದುದ್ದಕ್ಕೂ ಅವನ್ನು ಬಂದ್ ಮಾಡಬೇಕಾಯಿತು. ಸಿಬ್ಬಂದಿ ಮತ್ತೆ ಪೆನ್ನು ಕಾಗದ ಹಿಡಿದರು. ಸಾಫ್ಟ್‌ವೇರ್ ಮಾರಲು ಬಂದವರನ್ನು ಆಸ್ಪತ್ರೆಯವರು ಬೆಲೆ ಕೇಳುವ ಮುಂಚೆ ಇದನ್ನು ಕೇಳಲಿ: ಪರದೆ ಕಪ್ಪಾದ ರಾತ್ರಿ ಐಸಿಯುನಲ್ಲಿರುವ ರೋಗಿಗೆ ಮುಂದಿನ ಡೋಸ್ ಎಷ್ಟು, ಎಷ್ಟು ಗಂಟೆಗೆ ಅಂತ ನರ್ಸ್ ಎಲ್ಲಿ ನೋಡಬೇಕು?